ಮನೆ ಬೋರ್ಡಿನ ‘ಕ್ಷ್ಮೀ’ ಒಡೆಯದ ಹಾಗೆ ಸಿಎನ್‌ಸಿಯಲ್ಲಿ ಕೆತ್ತುವುದು

ನನ್ನ ಮೊದಲ ಬೋರ್ಡ್ ‘ಶ್ರೀ ಲಕ್ಷ್ಮೀ ನಿಲಯ’. ಕಂಪ್ಯೂಟರ್ ಹೇಳಿದಂತೆ ಬಿಟ್ (ಕೊರೆಯುವ ಅಲಗು) ಓಡಿಸಿ ಕೆತ್ತುವ ಸಿಎನ್‌ಸಿಗಳಲ್ಲಿ ನನ್ನದು 3018 ಮಷೀನು, ಅಂದ್ರೆ ಸುಮಾರು 30 × 18 ಸೆಂ.ಮೀ. ಕೆತ್ತುವ ಜಾಗ. ಬಿಟ್ ಓಡುವ ದಾರಿ ಹಾಕಿಕೊಡುವ ಕ್ಯಾಮ್ ಸಾಫ್ಟ್‌ವೇರ್‌ನಲ್ಲೇ ಕನ್ನಡ ಟೈಪ್ ಮಾಡಿದೆ, ಒತ್ತಕ್ಷರ ಎಲ್ಲ ಕಳಚಿ ಪಕ್ಕಪಕ್ಕ ಕೂತವು. ಲಕ್ಷ್ಮಿ ಮುರಿದು ಬಂದಳು!

ಹಾಗಾಗಿ ಅಕ್ಷರದ ಕೆಲಸ ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲೇ ಮುಗಿಸಿ. ಯೂನಿಕೋಡ್ ಫಾಂಟ್ ಹಾಕಿ. ನನಗೆ ‘ಬಾಲೂ ತಮ್ಮ’ ಫಾಂಟ್ ಇಷ್ಟ, ದಪ್ಪಗೆ ದುಂಡಗಿದೆ, ದೂರದಿಂದಲೂ ಓದಬಹುದು. ಟೈಪ್ ಮಾಡಿದ ಮೇಲೆ ‘ಆಬ್ಜೆಕ್ಟ್ ಟು ಪಾತ್’ (ಅಕ್ಷರ ಗೆರೆಯ ಆಕಾರ ಆಗುತ್ತೆ), ಆಮೇಲೆ ಅನ್‌ಗ್ರೂಪ್, ಕೊನೆಗೆ ‘ಯೂನಿಯನ್’ (ತಾಗಿದ ಆಕಾರಗಳು ಕೂಡಿ ಒಂದಾಗುತ್ತವೆ). ಈ ಯೂನಿಯನ್ ಮರೀಬೇಡಿ. ಅಕ್ಷರಕ್ಕೆ ಒತ್ತು ತಾಗುವ ಕಡೆ ಎರಡು ಗೆರೆ ಒಂದರ ಮೇಲೊಂದು ಉಳಿದರೆ, ಬಿಟ್ ಅಲ್ಲಿ ಅಕ್ಷರದ ಹೊಟ್ಟೆಯೊಳಗೇ ಅಂಚು ಎಳೆದು ಬಿಡುತ್ತೆ. ನಂತರ ಎಸ್‌ವಿಜಿ (ಗೆರೆಚಿತ್ರದ ಫೈಲ್) ಮಾಡಿ ಕ್ಯಾಮ್‌ಗೆ ಕೊಡಿ.

ಈಗ ಬಿಟ್. ವಿ-ಕಾರ್ವ್‌ನಲ್ಲಿ, ಅಂದ್ರೆ ವಿ ಆಕಾರದ ಮೊನೆಯ ಬಿಟ್ಟಿನಿಂದ ಕೆತ್ತುವಾಗ, ಗೆರೆ ಅಗಲ ಆದಷ್ಟೂ ಬಿಟ್ ಕೆಳಗಿಳಿಯುತ್ತೆ. 6 ಮಿ.ಮೀ. ಅಗಲದ ಗೆರೆಗೆ 90 ಡಿಗ್ರಿ ಬಿಟ್ 3 ಮಿ.ಮೀ. ಇಳಿದರೆ ಸಾಕು, 60 ಡಿಗ್ರಿಯದು 5.2 ಮಿ.ಮೀ. ಇಳಿಯಬೇಕು. ಹಲಗೆ ತೆಳು ಇದ್ದರೆ ಮೊದಲೇ ಲೆಕ್ಕ ಹಾಕಿ. ಈ ಪುಟ್ಟ ಮಷೀನಿಗೆ ಜಾಸ್ತಿ ದಮ್ಮಿಲ್ಲ, ತೇಗದಂಥ ಮರದಲ್ಲಿ ಒಂದು ಸಲಕ್ಕೆ ಅರ್ಧ ಮಿ.ಮೀ. ಸಾಕು.

ಒಂದು ಕಡೆ ಅಕ್ಷರ ದಪ್ಪ, ಇನ್ನೊಂದು ಕಡೆ ಸಣಕಲು ಬಂತಾ? ಫಾಂಟ್ ಬೈಬೇಡಿ, ಹಲಗೆ ಸಮ ಇಲ್ಲ. ಅರ್ಧ ಮಿ.ಮೀ. ಎತ್ತರ ಹೆಚ್ಚಾದರೆ 90 ಡಿಗ್ರಿ ಬಿಟ್ಟಿನ ಗೆರೆ 1 ಮಿ.ಮೀ. ಹೆಚ್ಚು ಅಗಲ ಆಗುತ್ತೆ, ಕಣ್ಣಿಗೆ ರಾಚುತ್ತೆ. ಹಲಗೆಯ ಅಡಿಗೆ ಒಂದು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು ಕಟ್ಟಿ, ಅದರ ಮೇಲ್ಮೈಯನ್ನು ಅದೇ ಮಷೀನಿನಿಂದ ಚಪ್ಪಟೆ ಬಿಟ್ ಹಾಕಿ ಒಂದು ಸಲ ಸವರಿಸಿ. ಹಲಗೆ ಕೂರಿಸಿದ ಮೇಲೆ ನಾಲ್ಕೂ ಮೂಲೆಯಲ್ಲಿ ಬಿಟ್ ಕೆಳಗೆ ಹಾಳೆ ತೂರಿಸಿ ನೋಡಿ, ಎಲ್ಲ ಕಡೆ ಒಂದೇ ಥರ ಹಿಡಿಯಬೇಕು. ಹಲಗೆಯೇ ಬಾಗಿದ್ದರೆ ಬೇರೆ ತಗೊಳ್ಳಿ.

ಅರ್ಧ ದಾರಿಯಲ್ಲಿ ಅಕ್ಷರ ಪಕ್ಕಕ್ಕೆ ಜರುಗಿದರೆ ಮೋಟಾರು ಹೆಜ್ಜೆ ತಪ್ಪಿದೆ, ಇಲ್ಲವೇ ಅದನ್ನು ತಿರುಗುವ ರಾಡಿಗೆ ಸೇರಿಸುವ ಕಪ್ಲಿಂಗ್ ಜಾರಿದೆ. ನಾನು ಎರಡು ದಿನ ಸೆಟ್ಟಿಂಗ್ ಕೆದಕಿದೆ, ಕೊನೆಗೆ ನೋಡಿದರೆ ಕಪ್ಲಿಂಗ್‌ನ ಪುಟಾಣಿ ಸ್ಕ್ರೂ ಸಡಿಲ. ಮೊದಲು ಅದನ್ನು ಬಿಗಿ ಮಾಡಿ, ಆಮೇಲೆ ವೇಗ ಇಳಿಸಿ. ಅಳತೆಯೇ ತಪ್ಪುತ್ತಿದ್ದರೆ ಮಾತ್ರ ಜಿಆರ್‌ಬಿಎಲ್ (ಮಷೀನು ಓಡಿಸುವ ಒಳಗಿನ ಪ್ರೋಗ್ರಾಂ) ಸೆಟ್ಟಿಂಗ್ ಮುಟ್ಟಿ: 100 ಮಿ.ಮೀ. ಹೇಳಿದಾಗ 98 ಓಡಿದರೆ, $100 ಅನ್ನೋ ಸೆಟ್ಟಿಂಗಿನಲ್ಲಿರುವ 800 ಅನ್ನು (ಒಂದು ಮಿ.ಮೀ.ಗೆ ಮೋಟಾರಿನ ಹೆಜ್ಜೆ) 100ರಿಂದ ಗುಣಿಸಿ 98ರಿಂದ ಭಾಗಿಸಿ, 816.3 ಹಾಕಿ. ಅದು ಎಕ್ಸ್‌ಗೆ, ವೈಗೆ $101.

ಬಣ್ಣ ಹಚ್ಚೋ ಮುಂಚೆ ಸೀಲರ್ (ಮರದ ರಂಧ್ರ ಮುಚ್ಚುವ ಲೇಪ) ಬಳಿಯಿರಿ, ಇಲ್ಲಾಂದ್ರೆ ಬಣ್ಣ ಮರದ ನಾರಿನೊಳಗೆ ಇಳಿದು ಅಕ್ಷರದ ಅಂಚೆಲ್ಲ ಮಸುಕು. ಒಣಗಿದ ಮೇಲೆ ಹೊರಗೆ ಚೆಲ್ಲಿದ್ದನ್ನು ಮರಳು ಕಾಗದದಲ್ಲಿ ಉಜ್ಜಿ. ಆ ದೂಳಿಗೆ ಮಾಸ್ಕ್ ಹಾಕ್ಕೊಳ್ಳಿ, ಎಂಡಿಎಫ್ ಆದರಂತೂ ಖಂಡಿತ.