ಒಂದೇ ಲೈಟ್ ಇಟ್ಟು ಪೋರ್ಟ್ರೇಟ್ ತೆಗೆದು ನೋಡಿ

ಸ್ಟುಡಿಯೋ ಲೈಟಿಂಗ್ ಈಗಷ್ಟೇ ಕಲಿಯುತ್ತಿರುವವರು ಒಮ್ಮೆಲೇ ಮೂರು ಲೈಟ್ ಹಾಕಬೇಡಿ. ಯಾವ ನೆರಳು ಯಾವ ಲೈಟಿನದ್ದು ಅಂತಲೇ ಗೊತ್ತಾಗುವುದಿಲ್ಲ. ಒಂದು ಫ್ಲ್ಯಾಶ್, ಅದರ ಬೆಳಕನ್ನು ಹರಡಿ ಮೆದುವಾಗಿಸುವ ಬಿಳಿ ಬಟ್ಟೆಯ ಪೆಟ್ಟಿಗೆ, ಅಂದರೆ ಒಂದು ಸಾಫ್ಟ್‌ಬಾಕ್ಸ್ ಸಾಕು.

ಕ್ಯಾಮೆರಾ ಮ್ಯಾನ್ಯುಯಲ್‌ನಲ್ಲಿರಲಿ: ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) 100, ಶಟರ್ (ಬೆಳಕು ಒಳಬರುವ ಸಮಯ) 1/125 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/8. ಮೊದಲು ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೋ ತೆಗೆಯಿರಿ. ಪೂರ್ತಿ ಕಪ್ಪಾಗಿ ಬಂದರೆ ಕೋಣೆಯ ಬೆಳಕಿನ ಕಾಟ ಇಲ್ಲ ಎಂದರ್ಥ.

ಈಗ ಲೈಟನ್ನು ಮುಖದ ಒಂದು ಪಕ್ಕಕ್ಕೆ ಸುಮಾರು 45 ಡಿಗ್ರಿಯಲ್ಲಿ, ಕಣ್ಣಿಗಿಂತ ಸ್ವಲ್ಪ ಮೇಲೆ ಇಡಿ. ಮೂಗಿನ ನೆರಳನ್ನೇ ನೋಡುತ್ತಿರಿ. ಲೈಟನ್ನು ನಿಧಾನಕ್ಕೆ ಇನ್ನಷ್ಟು ಪಕ್ಕಕ್ಕೆ ಸರಿಸಿದರೆ ಆ ನೆರಳು ಕೆನ್ನೆಯ ನೆರಳಿಗೆ ಹೋಗಿ ಸೇರುತ್ತದೆ. ಕತ್ತಲ ಕಡೆಯ ಕಣ್ಣಿನ ಕೆಳಗೆ ಬೆಳಕಿನ ಪುಟ್ಟ ತ್ರಿಕೋನ ಮಾತ್ರ ಉಳಿಯುತ್ತದೆ. ಇದೇ ರೆಂಬ್ರಾಂಟ್ ಲೈಟಿಂಗ್. 17ನೇ ಶತಮಾನದ ಡಚ್ ಚಿತ್ರಕಾರನ ಹೆಸರು ಇದಕ್ಕೆ ಅಂಟಿಕೊಂಡಿದೆ. ಕಣ್ಣಿನೊಳಗೆ ಬೆಳಕಿನ ಚುಕ್ಕಿ ಕಾಣದಿದ್ದರೆ ಲೈಟ್ ಜಾಸ್ತಿ ಮೇಲಿದೆ, ಇಳಿಸಿ.

ಹೆಚ್ಚಿನವರು ಎಡವುವುದು ದೂರದ ವಿಷಯದಲ್ಲಿ. ಲೈಟ್ ಹತ್ತಿರ ಬಂದಷ್ಟೂ ನೆರಳಿನ ಅಂಚು ಮೆದುವಾಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಅಲ್ವಾ? ಹಾಗಾಗಿ ಲೈಟ್ ಮುಖದ ಹತ್ತಿರ, ಗೋಡೆ ದೂರ ಇದ್ದರೆ ಬಿಳಿ ಗೋಡೆಯೂ ಬೂದು ಬಣ್ಣಕ್ಕೆ ತಿರುಗುತ್ತದೆ. ಸುಮ್ನೆ ಬೇರೆ ಪರದೆ ಕೊಳ್ಳಬೇಕಿಲ್ಲ. ಲೈಟಿನ ಜಾಗ ಬದಲಿಸಿದಾಗಲೆಲ್ಲ ಪವರ್ ಮತ್ತೆ ಹೊಂದಿಸಿಕೊಳ್ಳಿ.

ನೆರಳಿನ ಕಡೆ ತೀರಾ ಕತ್ತಲಾದರೆ ಬೆಳಕು ಪುಟಿದು ಮುಖಕ್ಕೆ ಬೀಳುವಂತೆ ಆ ಕಡೆ ಬಿಳಿ ಥರ್ಮೋಕೋಲ್ ಹಾಳೆ ಹಿಡಿಯಿರಿ. ಕನ್ನಡಕ ಹಾಕಿದವರಾದರೆ ಲೈಟ್ ತುಸು ಎತ್ತರಿಸಿ, ಗದ್ದ ಸ್ವಲ್ಪ ತಗ್ಗಿಸಲು ಹೇಳಿ. ಗಾಜಿನ ಮೇಲಿನ ಹೊಳಪು ಬಹುತೇಕ ಹೋಗುತ್ತದೆ.