ಪೊಲೀಸ್ ವೈರ್‌ಲೆಸ್‌ಗೆ ಎಂಟು ತಿಂಗಳ ವಾಯಿದೆ ಕೇಳಿದ್ದು

2012ರಲ್ಲಿ ನಾನು ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ನೈಟ್ ಶಿಫ್ಟ್ ಮಾಡುತ್ತಿದ್ದೆ. ಕಾಳಿದಾಸ ರಸ್ತೆಯಲ್ಲಿ ಒಂದು ಬೇಕರಿ ಮೇಲಿನ ಮಹಡಿ, ಆರು ಜನ, ಆರು ಕಂಪ್ಯೂಟರ್. ಅಮೆರಿಕದ ಒಬ್ಬ ರೇಡಿಯೋ ಕನ್ಸಲ್ಟೆಂಟ್‌ಗೆ ಇಲ್ಲಿಂದ ಕೆಲಸ ಮಾಡಿಕೊಡುವುದು ನಮ್ಮ ಕಸುಬು. ಲೈಸನ್ಸ್ ಫಾರಂ ತುಂಬುವುದು, ಯಾವ ಬೆಟ್ಟದ ಮೇಲಿಂದ ಎಲ್ಲಿಯವರೆಗೆ ಸಿಗ್ನಲ್ ಹೋಗುತ್ತದೆ ಅಂತ ಮ್ಯಾಪ್ ಹಾಕುವುದು, ಇಂಥದ್ದು. ನಾನು ಇ ಆಂಡ್ ಸಿ, ಅಂದರೆ ಎಲೆಕ್ಟ್ರಾನಿಕ್ಸ್ ಆಂಡ್ ಕಮ್ಯುನಿಕೇಶನ್ ಓದಿದವನು. ಅಪ್ಪ ಮಂಡ್ಯದಲ್ಲಿ ಪೊಲೀಸ್ ವೈರ್‌ಲೆಸ್‌ನಲ್ಲಿದ್ದು ರಿಟೈರ್ ಆದವರು. ಹಾಗಾಗಿ ಸೆಟ್ಟು, ರಿಪೀಟರ್ (ಸೆಟ್ಟಿನ ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಕಳಿಸುವ ಪೆಟ್ಟಿಗೆ), ಕಾಲ್ ಸೈನ್ (ವೈರ್‌ಲೆಸ್‌ನಲ್ಲಿ ಕರೆಯುವ ಹೆಸರು) ಎಲ್ಲ ಮನೆಯಲ್ಲೇ ಕೇಳಿ ಬೆಳೆದ ಮಾತು.

ಆ ವರ್ಷ ಜೂನ್‌ನಲ್ಲಿ ಒಂದು ಕೆಲಸ ಬಂತು. ಅಮೆರಿಕದ ಅಪಲಾಚಿಯನ್ ಬೆಟ್ಟಸಾಲಿನ ಒಂದು ಸಣ್ಣ ಕೌಂಟಿ, ನಮ್ಮ ಜಿಲ್ಲೆ ಇದ್ದ ಹಾಗೆ. ಪೊಲೀಸು, ಫೈರು, ಆಂಬುಲೆನ್ಸು ಮೂರಕ್ಕೂ ಒಂದೇ ಕಂಟ್ರೋಲ್ ರೂಮು. 2013ರ ಜನವರಿ 1ರೊಳಗೆ ಅವರು ತಮ್ಮ ವೈರ್‌ಲೆಸ್ಸನ್ನೆಲ್ಲ ಬದಲಾಯಿಸಬೇಕಿತ್ತು. ಆಗುವ ಹಾಗೆ ಕಾಣುತ್ತಿರಲಿಲ್ಲ. ಗಡುವು ಮುಂದಕ್ಕೆ ಹಾಕಿಸಿಕೊಡಿ ಅಂತ ನಮ್ಮ ಹತ್ತಿರ ಬಂದಿದ್ದರು.

ಗಡುವು ಏನು ಅಂತ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಫ್ರೀಕ್ವೆನ್ಸಿ ಹಂಚುವುದು ಡೆಲ್ಲಿಯ ಡಬ್ಲ್ಯುಪಿಸಿ. ಅಮೆರಿಕದಲ್ಲಿ ಕೌಂಟಿ ಪೊಲೀಸರಿಗೆ, ಫೈರಿನವರಿಗೆ, ಖಾಸಗಿಯವರಿಗೆ ಹಂಚುವುದು ಎಫ್‌ಸಿಸಿ. ಪೊಲೀಸರು ಬಳಸುವ ವಿಎಚ್‌ಎಫ್, ಯುಎಚ್‌ಎಫ್ ಅನ್ನುವ ಫ್ರೀಕ್ವೆನ್ಸಿ ಪಟ್ಟಿಗಳ ಚಾನೆಲ್‌ಗಳು ಮೊದಲು 25 ಕಿಲೋಹರ್ಟ್ಜ್ ಅಗಲ ಇದ್ದವು. ಬಳಸುವವರು ಜಾಸ್ತಿ ಆದರು, ಜಾಗ ಸಾಲದಾಯಿತು. 40-60 ಸೈಟನ್ನು ಮಧ್ಯಕ್ಕೆ ಗೋಡೆ ಎಳೆದು ಎರಡು 20-60 ಮಾಡುತ್ತಾರಲ್ಲ, ಹಾಗೆ ಒಂದೊಂದು ಚಾನೆಲ್ಲೂ 12.5 ಕಿಲೋಹರ್ಟ್ಜ್ ಆಗಬೇಕು ಅಂತ ಎಫ್‌ಸಿಸಿ ಹೇಳಿತು. ಈ ಮಾತು ಶುರುವಾಗಿದ್ದು 1992ರಲ್ಲಿ. ಕೊನೇ ತಾರೀಖು 2013ರ ಜನವರಿ 1 ಅಂತ 2004ರಲ್ಲೇ ಗೊತ್ತಾಗಿತ್ತು. 2011ರಿಂದ ಹಳೇ ಅಗಲದ ಹೊಸ ಲೈಸನ್ಸೂ ಸಿಗುತ್ತಿರಲಿಲ್ಲ. ಅಂದರೆ ಯಾರೂ ದಿಢೀರ್ ಅಂತ ತಂದು ತಲೆ ಮೇಲೆ ಹಾಕಿದ್ದಲ್ಲ.

ಸೈಟು ಅರ್ಧ ಆದರೆ ಮನೆಯೂ ಅರ್ಧ ಆಗಬೇಕಲ್ವಾ? ಇಲ್ಲಿ ಮನೆ ಅಂದರೆ ಎಫ್‌ಎಂ ಡೀವಿಯೇಶನ್, ಮಾತಾಡುವಾಗ ದನಿಗೆ ತಕ್ಕಂತೆ ಫ್ರೀಕ್ವೆನ್ಸಿ ಅತ್ತಿತ್ತ ಓಲಾಡುವ ಅಳತೆ. ಅದು 5 ಕಿಲೋಹರ್ಟ್ಜ್‌ನಿಂದ 2.5ಕ್ಕೆ ಇಳಿಯಬೇಕು. ಲೈಸನ್ಸಿನಲ್ಲಿ ಸಿಗ್ನಲ್ ಅಗಲದ ಸಂಕೇತ 20ಕೆ0ಎಫ್3ಇ ಅಂತ ಇದ್ದದ್ದು 11ಕೆ2ಎಫ್3ಇ ಆಗಬೇಕು. ಕಾಗದದ ಮೇಲೆ ಇದು ಸುಲಭ. ಅಗಲ ಕಡಿಮೆ ಮಾಡುವುದೊಂದೇ ಆದರೆ ಫ್ರೀಕ್ವೆನ್ಸಿ ಕೋಆರ್ಡಿನೇಶನ್, ಅಂದರೆ ಬೇರೆ ಬಳಕೆದಾರರಿಗೆ ತೊಂದರೆ ಆಗುವುದಿಲ್ಲ ಅಂತ ಮೊದಲೇ ನೋಡಿಸುವುದು, ಕೂಡ ಬೇಕಿರಲಿಲ್ಲ. ಮೊದಲು ಹೊಸದನ್ನೂ ಲೈಸನ್ಸಿಗೆ ಸೇರಿಸಿ ಎರಡನ್ನೂ ಇಟ್ಟುಕೊಳ್ಳಬಹುದಿತ್ತು, ಕೆಲಸ ಮುಗಿದ ಮೇಲೆ ಹಳೆಯದನ್ನು ತೆಗೆಸಿದರೆ ಆಯಿತು. ಅದನ್ನು ನಾನು ಮೊದಲ ವಾರವೇ ಮಾಡಿ ಮುಗಿಸಿದೆ.

ಕಷ್ಟ ಇದ್ದದ್ದು ಬೆಟ್ಟದಲ್ಲಿ. ಡೀವಿಯೇಶನ್ ಇಳಿಸಿದರೆ ದೂರವೂ ಸ್ವಲ್ಪ ಇಳಿಯುತ್ತದೆ. ಕಾರಿನ ಸೆಟ್ಟಿಗೆ ಅಷ್ಟು ಗೊತ್ತಾಗುವುದಿಲ್ಲ, ಅದಕ್ಕೆ ಪವರ್ ಇದೆ. ಸೊಂಟದ ವಾಕಿಟಾಕಿಯದ್ದೇ ತೊಂದರೆ. ಕಂಟ್ರೋಲ್ ಹೇಳಿದ್ದು ಕಣಿವೆಯಲ್ಲಿರುವ ಕಾನ್‌ಸ್ಟೇಬಲ್‌ಗೆ ಕೇಳಿಸುತ್ತದೆ, ಅವನು ಹೇಳಿದ್ದು ಕಂಟ್ರೋಲ್‌ಗೆ ತಲುಪುವುದಿಲ್ಲ. ಅದಕ್ಕೆ ಇನ್ನೆರಡು ಬೆಟ್ಟದ ಮೇಲೆ ಬರೀ ರಿಸೀವರ್ ಇಟ್ಟು, ಅಲ್ಲಿಂದ ಲಿಂಕ್ ಎಳೆದು, ಯಾವ ರಿಸೀವರ್‌ನಲ್ಲಿ ದನಿ ಚೆನ್ನಾಗಿದೆಯೋ ಅದನ್ನು ಆರಿಸುವ ಪೆಟ್ಟಿಗೆ ಕೂರಿಸಬೇಕಿತ್ತು. ಟವರ್ ಹತ್ತುವ ಕೆಲಸ. ಡಿಸೆಂಬರ್ ಬಂದರೆ ಆ ಬೆಟ್ಟದ ರಸ್ತೆ ಹಿಮದಲ್ಲಿ ಮುಚ್ಚಿಹೋಗುತ್ತದೆ, ಏಪ್ರಿಲ್‌ವರೆಗೆ ಗಾಡಿ ಹತ್ತುವುದಿಲ್ಲ.

ಇಷ್ಟು ಒಳ್ಳೇ ಕಾರಣ ಕೈಯಲ್ಲಿಟ್ಟುಕೊಂಡು ನಾನು ಬರೆದದ್ದೇನು? ದುಡ್ಡಿಲ್ಲ ಅಂತ ಮೂರು ಪುಟ. ಕೌಂಟಿಯ ಆದಾಯ ಕುಸಿದದ್ದು, ಗ್ರಾಂಟ್ ಸಿಗದೇ ಹೋದದ್ದು, ಪೊಲೀಸರ ಸೇವೆ ಎಷ್ಟು ಮುಖ್ಯ ಅನ್ನುವುದು. ಕೊನೆಗೆ ಎಲ್ಲ ಚಾನೆಲ್‌ಗೂ ಒಂದು ವರ್ಷ ಕೊಡಿ ಅಂತ ಕೇಳಿದ್ದೆ. ಆಗಸ್ಟ್‌ನಲ್ಲಿ ಎಫ್‌ಸಿಸಿಯ ಲೈಸನ್ಸ್ ಅರ್ಜಿಯಾದ ಫಾರಂ 601ಕ್ಕೆ ಅಂಟಿಸಿ ಆನ್‌ಲೈನ್ ಸಲ್ಲಿಸಿಯೂ ಆಯಿತು. ಸೆಪ್ಟೆಂಬರ್ ಕೊನೆಗೆ ಎಫ್‌ಸಿಸಿಯಿಂದ ವಾಪಸ್ ಪ್ರಶ್ನೆ ಬಂತು. ಇದುವರೆಗೆ ಏನು ಮಾಡಿದ್ದೀರಿ? ಎಷ್ಟು ಸೆಟ್ ಇದೆ, ಅದರಲ್ಲಿ ಎಷ್ಟು ಹೊಸ ಅಗಲಕ್ಕೆ ಬದಲಾಗುತ್ತವೆ? ಯಾವ ತಿಂಗಳು ಯಾವ ಕೆಲಸ? ಪಕ್ಕದ ಕೌಂಟಿಯವರ ಜೊತೆ ಮಾತಾಡುವುದು ಹೇಗೆ?

ನಾಚಿಕೆ ಅಂದರೆ, ಇದೆಲ್ಲ ಬರೆಯಬೇಕು ಅಂತ 2011ರ ಜುಲೈನಲ್ಲೇ ಅವರು ಒಂದು ನೋಟಿಸ್ ಹೊರಡಿಸಿದ್ದರು. ಅದು ನನ್ನ ಕಂಪ್ಯೂಟರ್‌ನಲ್ಲೇ ಇತ್ತು. ಪೂರ್ತಿ ಓದಿರಲಿಲ್ಲ.

ಅದೇ ಹೊತ್ತಿಗೆ ಮಂಡ್ಯದಲ್ಲಿ ಕಾವೇರಿ ಗಲಾಟೆ. ಅಕ್ಟೋಬರ್ 6, ಶನಿವಾರ, ಕರ್ನಾಟಕ ಬಂದ್. ಹಿಂದಿನ ದಿನ ಅಮ್ಮನಿಗೆ ಔಷಧಿ ಕೊಡಲು ಹೋದವನು ಊರಲ್ಲೇ ಸಿಕ್ಕಿಹಾಕಿಕೊಂಡೆ. ಬಸ್ಸಿಲ್ಲ, ರಸ್ತೆಯಲ್ಲಿ ಟೈರ್ ಸುಡುತ್ತಿದ್ದರು. ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಅಪ್ಪ ಏನು ಅಂತ ಕೇಳಿದರು. ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಎಲೆ ಅಡಿಕೆ ಹಾಕಿಕೊಂಡು ಪೂರ್ತಿ ಕೇಳಿದರು.

“ಅಲ್ಕಣ್ಲಾ, ದುಡ್ಡಿಲ್ಲ ದುಡ್ಡಿಲ್ಲ ಅಂತ ಇಷ್ಟುದ್ದ ಬರ್ದಿದ್ದೀಯಲ್ಲ, ಸೆಟ್ ಎಷ್ಟವೆ ಅಂತ ಒಂದ್ಕಡೆನೂ ಇಲ್ವಲ್ಲೋ.”

“140 ಅಂತ ಅವರ ಶೀಟಲ್ಲಿದೆ ಅಪ್ಪ.”

“ಶೀಟಲ್ಲೈತೆ, ಸರಿ. ಎಣಿಸ್ದೋರು ಯಾರು?”

ಯಾರೂ ಎಣಿಸಿರಲಿಲ್ಲ. ಅಪ್ಪನಿಗೆ ಅದು ಗೊತ್ತಿತ್ತು. ಅವರ ಕಾಲದಲ್ಲಿ ದಸರಾ ಬಂದೋಬಸ್ತಿಗೆ ಹೋಗುವ ಮುಂಚೆ ಸೆಟ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದನ್ನೂ ಮುಟ್ಟಿ ನಂಬರ್ ಬರೆದುಕೊಳ್ಳುತ್ತಿದ್ದರಂತೆ. ರಿಜಿಸ್ಟರ್ ಒಂದು ಹೇಳುತ್ತದೆ, ಮೇಜು ಇನ್ನೊಂದು ಹೇಳುತ್ತದೆ. ಒಬ್ಬ ಮೈಕ್ ಒತ್ತಿಕೊಂಡು ಸೀಟಿನ ಮೇಲೆ ಕೂತುಬಿಟ್ಟರೆ ಇಡೀ ಚಾನೆಲ್ ಮೂಕ. ಆ ಸೆಟ್ ಯಾರ ಹತ್ತಿರ ಇದೆ ಅಂತ ಗೊತ್ತಿಲ್ಲದಿದ್ದರೆ ಮೆರವಣಿಗೆ ಮುಗಿದರೂ ಹುಡುಕುತ್ತಲೇ ಇರಬೇಕು.

ಸೋಮವಾರ ರಾತ್ರಿ ಆ ಕೌಂಟಿಯ ರೇಡಿಯೋ ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಎಣಿಸಬೇಕು ಅಂದೆ. ಆ ಕಡೆ ಒಂದು ನಿಟ್ಟುಸಿರು ಕೇಳಿಸಿತು. ಆದರೆ ಮಾರನೇ ದಿನದಿಂದಲೇ ಹೊರಟ. ಪಾಪ, ಎರಡು ವಾರ ಸ್ಟೇಷನ್ ಸ್ಟೇಷನ್ ಸುತ್ತಿದ. ಬೀರುವಿನ ತಳದಲ್ಲಿ ಬ್ಯಾಟರಿ ಊದಿಕೊಂಡ ಸೆಟ್ಟು, ಆಂಬುಲೆನ್ಸಿನ ಸೀಟಡಿ ಒಂದು, ಜೈಲಿನಲ್ಲಿ ನಾಲ್ಕು. ರಸ್ತೆ ಇಲಾಖೆಯ ಹಿಮ ಬಳಿಯುವ ಲಾರಿಗಳೂ ದುಡ್ಡು ಉಳಿಸಲು ಪೊಲೀಸ್ ಚಾನೆಲ್ಲನ್ನೇ ಬಳಸುತ್ತಿದ್ದವು! ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಲೆಕ್ಕ ಬಂದದ್ದು 212. ಅದರಲ್ಲಿ 160 ಬರೀ ಪ್ರೋಗ್ರಾಂ ಬದಲಾಯಿಸಿದರೆ ಸಾಕು. 52 ಎಸೆಯಬೇಕಾದವು.

ಇದರ ಮೇಲೆ ಫೈರಿನವರ ಪೇಜರ್. ಅಲ್ಲಿ ಬೆಂಕಿ ಆರಿಸುವವರು ಹೆಚ್ಚಿನವರು ಊರಿನ ಜನರೇ, ಸಂಬಳ ಇಲ್ಲದವರು. ಹಾಸಿಗೆ ಪಕ್ಕ ಪೇಜರ್ ಇಟ್ಟುಕೊಂಡು ಮಲಗುತ್ತಾರೆ, ಟೋನ್ ಬಂದರೆ ಎದ್ದು ಓಡುತ್ತಾರೆ. ಹಳೇ ಪೇಜರ್‌ಗೆ ಹೊಸ ಸಿಗ್ನಲ್ ಕೊಟ್ಟರೆ ದನಿ ಅರ್ಧಕ್ಕೆ ಇಳಿದು ಪಿಸುಮಾತಿನ ಹಾಗೆ ಕೇಳಿಸುತ್ತದೆ. ಗಾಢ ನಿದ್ದೆಯಲ್ಲಿರುವವನು ಅದಕ್ಕೆ ಏಳುತ್ತಾನಾ?

ಎಣಿಕೆ ಕೈಗೆ ಬಂದ ಮೇಲೆ ಅರ್ಜಿ ತಾನಾಗೇ ಬದಲಾಯಿತು. ಎಲ್ಲ ಚಾನೆಲ್‌ಗೂ ವಾಯಿದೆ ಬೇಕಾಗಿಯೇ ಇರಲಿಲ್ಲ. ಆಂಬುಲೆನ್ಸಿನದ್ದು ನವೆಂಬರ್‌ನಲ್ಲೇ ಮುಗಿಸಬಹುದು. ಪಕ್ಕದ ಕೌಂಟಿಯವರ ಜೊತೆ ಮಾತಾಡುವ ಚಾನೆಲ್ ಅಂತೂ ಜನವರಿ 1ಕ್ಕೇ ಬದಲಾಗಲೇಬೇಕು. ಅವರು ಕಿರಿದಾಗಿ, ನಾವು ಅಗಲವಾಗಿಯೇ ಉಳಿದರೆ ಅವರ ದನಿ ನಮಗೆ ಸಣ್ಣಗೆ ಬರುತ್ತದೆ, ನಮ್ಮದು ಅವರಿಗೆ ಒಡೆದು ಕೇಳುತ್ತದೆ. ದೊಡ್ಡ ಅಪಘಾತ ಆದ ದಿನ ಅದಕ್ಕಿಂತ ಕೆಟ್ಟದ್ದಿಲ್ಲ. ಉಳಿದದ್ದು ಎರಡೇ: ಪೊಲೀಸ್ ಮುಖ್ಯ ಚಾನೆಲ್, ಫೈರ್ ಪೇಜಿಂಗ್. ಅವೆರಡಕ್ಕೆ ಮಾತ್ರ ಕೇಳಿದೆ. ಒಂದು ವರ್ಷ ಅಂತ ಇದ್ದದ್ದನ್ನು 2013ರ ಆಗಸ್ಟ್ 31ಕ್ಕೆ ಇಳಿಸಿದೆ. ಏಪ್ರಿಲ್‌ನಲ್ಲಿ ಹಿಮ ಕರಗುವುದು, ಮೇ-ಜೂನ್ ಟವರ್ ಕೆಲಸ, ಜುಲೈನಲ್ಲಿ ಬದಲಾವಣೆ, ಒಂದು ತಿಂಗಳು ಕೈಯಲ್ಲಿ. ಕನ್ಸಲ್ಟೆಂಟ್ ಸಾಹೇಬರಿಗೆ ಇದು ಇಷ್ಟವಾಗಲಿಲ್ಲ. ಜಾಸ್ತಿ ಕೇಳು, ಅವರು ಕಡಿಮೆ ಮಾಡಿ ಕೊಡ್ತಾರೆ ಅನ್ನುವುದು ಅವರ ವಾದ. ದೇವರಾಜ ಮಾರ್ಕೆಟ್ಟಿನ ಚೌಕಾಸಿ ಇಲ್ಲಿ ನಡೆಯುವುದಿಲ್ಲ ಅಂತ ನನಗನ್ನಿಸಿತ್ತು. ಎಫ್‌ಸಿಸಿ ನೋಡುವುದು ಎರಡು. ನಿಯಮದ ಉದ್ದೇಶ ಕೆಡದೆ ಜನರಿಗೆ ಒಳ್ಳೆಯದಾಗುತ್ತದಾ? ಇಲ್ಲವಾದರೆ, ಇವರ ಪರಿಸ್ಥಿತಿಯೇ ಬೇರೆ, ಬೇರೆ ದಾರಿಯೇ ಇಲ್ಲ ಅನ್ನುವುದಕ್ಕೆ ಆಧಾರ ಇದೆಯಾ? ಬೆಟ್ಟದ ಮೇಲಿನ ಹಿಮ ಆಧಾರ. ದುಡ್ಡಿಲ್ಲ ಅನ್ನುವುದನ್ನು ಎಲ್ಲ ಕೌಂಟಿಯವರೂ ಹೇಳುತ್ತಾರೆ. ಆ ಮೂರು ಪುಟವನ್ನು ನಾಲ್ಕು ಸಾಲಿಗೆ ಇಳಿಸಿ, ಬಜೆಟ್ ಪಾಸಾದ ಕಾಗದದ ಪ್ರತಿ ಲಗತ್ತಿಸಿದೆ.

ವಿಜಯದಶಮಿ ಅಕ್ಟೋಬರ್ 24ಕ್ಕೆ. ಊರೆಲ್ಲ ಜಂಬೂ ಸವಾರಿ ನೋಡಲು ಹೋಗಿದ್ದಾಗ ನಾನು ಆಫೀಸಿನಲ್ಲಿ ಕೂತು 212 ಸಾಲಿನ ಪಟ್ಟಿ ತಿದ್ದುತ್ತಿದ್ದೆ. ಎರಡು ದಿನ ಬಿಟ್ಟು ಸಲ್ಲಿಸಿದೆವು. ಮುಂದಿನ ಸೋಮವಾರ ಅಲ್ಲಿ ಸ್ಯಾಂಡಿ ಚಂಡಮಾರುತ. ವಾಷಿಂಗ್ಟನ್‌ನ ಸರ್ಕಾರಿ ಆಫೀಸುಗಳು ಎರಡು ದಿನ ಮುಚ್ಚಿದವು. ನಮ್ಮ ಅರ್ಜಿ ಎಲ್ಲಿ ತಳ ಸೇರಿತೋ ಅಂತ ಹೆದರಿಕೆ. ಮಂಜೂರಾಗಿ ಬಂದದ್ದು ಡಿಸೆಂಬರ್ ಎರಡನೇ ವಾರ. ಕೇಳಿದಷ್ಟೇ ಕೊಟ್ಟಿದ್ದರು, ಒಂದು ದಿನವೂ ಕಡಿಮೆ ಇಲ್ಲ. ವಾಯಿದೆ ಇಲ್ಲದೆ ಜನವರಿ 1 ದಾಟಿ ಅಗಲ ಚಾನೆಲ್‌ನಲ್ಲಿ ಮಾತಾಡಿದ್ದರೆ ದಂಡ ಬೀಳಬಹುದಿತ್ತು, ಲೈಸನ್ಸೂ ಹೋಗಬಹುದಿತ್ತು.

ಬದಲಾವಣೆಯ ಕೆಲಸದಲ್ಲಿ ನನ್ನ ಪಾಲು ಕಡಿಮೆ, ಪ್ರೋಗ್ರಾಂ ಫೈಲ್ ಮಾಡಿಕೊಡುವುದಷ್ಟೇ. ಒಂದು ಸೆಟ್ಟಿಗೆ ಪ್ರೋಗ್ರಾಂ ಹಾಕಲು ಕಾಲು ಗಂಟೆ ಸಾಕು. ಆದರೆ ಮೂರು ಶಿಫ್ಟಿನ ಪೊಲೀಸರಿಂದ ಸೆಟ್ಟನ್ನು ಕೈಗೆ ತೆಗೆದುಕೊಳ್ಳಲು ದಿನಗಟ್ಟಲೆ ಬೇಕು. ಅದಕ್ಕೆ ಪ್ರತಿ ಸೆಟ್ಟಿನಲ್ಲೂ ಎರಡು ಜೋನ್ ಇಟ್ಟೆವು. ಎ ಜೋನ್ ಹಳೇ ಅಗಲ, ಬಿ ಜೋನ್ ಹೊಸದು, ಚಾನೆಲ್ ಹೆಸರು ಎರಡರಲ್ಲೂ ಅವೇ. ತಿಂಗಳುಗಟ್ಟಲೆ ನಿಧಾನವಾಗಿ ತುಂಬಿಸಿಟ್ಟು, ಆ ದಿನ ಎಲ್ಲರೂ ಗುಂಡಿ ಒತ್ತಿ ಬಿ ಜೋನಿಗೆ ಬಂದರೆ ಮುಗಿಯಿತು.

ಆ ದಿನ ಜುಲೈನ ಒಂದು ಭಾನುವಾರ. ಅಲ್ಲಿ ಬೆಳಗ್ಗೆ ಆರು, ಇಲ್ಲಿ ಮಧ್ಯಾಹ್ನ ಮೂರೂವರೆ. ಫೋನ್ ಲೈನಿನಲ್ಲಿ ನಾನೂ ಕೇಳುತ್ತಿದ್ದೆ. ಟೆಕ್ನಿಷಿಯನ್ ರಿಪೀಟರ್ ಬದಲಾಯಿಸಿದ. ಕಂಟ್ರೋಲಿನ ಹೆಂಗಸಿನ ದನಿ ಒಮ್ಮೆಲೇ ಸಣ್ಣಗಾಯಿತು, ಬಾವಿಯೊಳಗಿಂದ ಬಂದ ಹಾಗೆ. ಅವನ ಮಾನಿಟರ್ ಸೆಟ್ ಇನ್ನೂ ಎ ಜೋನಿನಲ್ಲೇ ಇತ್ತು. ಗುಂಡಿ ಒತ್ತಿದ, ದನಿ ತುಂಬಿಕೊಂಡಿತು. ಆಮೇಲೆ ಒಂದೊಂದೇ ಗಾಡಿ ಟೆಸ್ಟ್ ಕೊಡುತ್ತಾ ಬಂತು. ಕಣಿವೆಯೊಳಗಿನ ವಾಕಿಟಾಕಿಯೂ ಬಂತು. ಸಂಜೆ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. “ಎಲ್ಲಾ ಬಂದ್ವಾ? ಲೆಕ್ಕ ಹಾಕ್ದಾ?” ಅಂದರು. ಎಲ್ಲ ಬಂದ್ವು ಅಂದೆ.

ನವೆಂಬರ್‌ನಲ್ಲಿ ಮೊದಲ ದೊಡ್ಡ ಹಿಮ ಬಿದ್ದ ಮಾರನೇ ರಾತ್ರಿ ಆ ಟೆಕ್ನಿಷಿಯನ್‌ನಿಂದ ಮೇಲ್. ಪೊಲೀಸ್ ಚಾನೆಲ್‌ನಲ್ಲಿ ಯಾರೋ ಕಿರುಚಿದ ಹಾಗೆ ಒಡಕು ದನಿ, ಒಂದು ಅಕ್ಷರವೂ ಅರ್ಥವಾಗುತ್ತಿಲ್ಲ. ಹುಡುಕಿದರೆ ರಸ್ತೆ ಇಲಾಖೆಯ ಶೆಡ್ಡಿನಲ್ಲಿ ಹಿಂದೆ ನಿಲ್ಲಿಸಿದ್ದ ಒಂದು ಸ್ಪೇರ್ ಲಾರಿ. ಹಿಮ ಜಾಸ್ತಿ ಬಿದ್ದರೆ ಮಾತ್ರ ಹೊರಗೆ ತೆಗೆಯುತ್ತಾರಂತೆ. ಹಿಂದಿನ ಚಳಿಗಾಲದಲ್ಲಿ ಚಾನೆಲ್ ಅಗಲವಾಗಿಯೇ ಇದ್ದದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಅವನು ಲ್ಯಾಪ್‌ಟಾಪ್, ಕೇಬಲ್ ಹಿಡಿದು ಆ ಹಿಮದಲ್ಲೇ ಶೆಡ್ಡಿಗೆ ಹೋದ. ನಾನು ಪಟ್ಟಿ ತೆಗೆದು 213ನೇ ಸಾಲು ಸೇರಿಸಿದೆ. ಅಪ್ಪನಿಗೆ ಇದನ್ನು ಹೇಳಿಲ್ಲ.