ಕೊಟ್ಟಿಗೆಗೂ ಔಷಧಿ ಬೇಕಿತ್ತು

ಆಷಾಢದ ಮಳೆ ಹಿಡಿದಿತ್ತು. ಬೇಲೂರಿನ ಹತ್ತಿರ ನಮ್ಮೂರು. ಇಂಥ ಮಳೆಯಲ್ಲಿ ದನಗಳು ವಾರಗಟ್ಟಲೆ ಕೊಟ್ಟಿಗೆಯಲ್ಲೇ ಒತ್ತೊತ್ತಾಗಿ ನಿಂತಿರುತ್ತವೆ. ನಮ್ಮ ಎಮ್ಮೆ ಕರು ಹಗಲೂ ರಾತ್ರಿ ಕಂಬಕ್ಕೆ ಕುತ್ತಿಗೆ ಉಜ್ಜುತ್ತಿತ್ತು. ಕೂದಲು ಉದುರಿ, ಚರ್ಮ ದಪ್ಪಗಾಗಿ ಮಡಿಕೆ ಬಿತ್ತು. ಹುಳಕಡ್ಡಿ ಅಂದುಕೊಂಡು ಬೇವಿನೆಣ್ಣೆ ಹಚ್ಚುತ್ತಾ ಹದಿನೈದು ದಿನ ಕಳೆದುಬಿಟ್ಟೆ. ಅಷ್ಟರಲ್ಲಿ ಕರು ಮೇವನ್ನೂ ಬಿಟ್ಟಿತು, ನೋಡಿದರೆ ಸಂಕಟವಾಗುತ್ತಿತ್ತು.

ಆಮೇಲೆ ನನ್ನ ಮುಂಗೈಯಲ್ಲೂ ಸಣ್ಣ ಕೆಂಪು ಗುಳ್ಳೆ ಎದ್ದು ತುರಿಕೆ ಶುರುವಾಯಿತು. ಅದನ್ನು ದನದ ಡಾಕ್ಟರಿಗೆ ಹೇಳಿದ್ದೇ ತಡ, ಅವರು ಬ್ಲೇಡಿಗೆ ಒಂದು ತೊಟ್ಟು ಎಣ್ಣೆ ಸವರಿ, ಕರುವಿನ ಕಜ್ಜಿಯ ನಡುವೆ ಅಲ್ಲ, ಅಂಚಿನಲ್ಲಿ, ಸ್ವಲ್ಪ ರಕ್ತ ಜಿನುಗುವ ತನಕ ಕೆರೆದರು. ಆ ಕೆರೆದದ್ದನ್ನು ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಒಯ್ದೆ. ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ದುಂಡಗಿನ ಮೈ, ಮೋಟು ಕಾಲು. ಸಾರ್ಕಾಪ್ಟಿಸ್ ಅಂತೆ, ಕಜ್ಜಿ ತರುವ ಸಣ್ಣ ಹುಳ. ಚರ್ಮದೊಳಗೆ ಬಿಲ ಕೊರೆದು ಮೊಟ್ಟೆ ಇಡುತ್ತದೆ. ನಾನು ಸುಮ್ನೆ ಮೇಲೆ ಎಣ್ಣೆ ಬಳಿದರೆ ಅದಕ್ಕೆ ಎಲ್ಲಿ ತಾಗಬೇಕು?

ಕರುವಿಗೆ ಐವರ್ಮೆಕ್ಟಿನ್ ಅನ್ನೋ ಹುಳ ಕೊಲ್ಲುವ ಇಂಜೆಕ್ಷನ್ ಕೊಟ್ಟರು. ಶೇಕಡಾ 1ರ ಔಷಧಿ, 50 ಕೆಜಿ ತೂಕಕ್ಕೆ 1 ಮಿಲಿ, ಚರ್ಮದ ಅಡಿಗೆ. ಎದೆಸುತ್ತಿಗೆ ಟೇಪು ಹಿಡಿದು ತೂಕ ಲೆಕ್ಕ ಹಾಕಿದರು, ಕಣ್ಣಂದಾಜು ಬೇಡ ಅಂದರು. ಈ ಔಷಧಿ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಅದಕ್ಕೇ 14 ದಿನ ಬಿಟ್ಟು ಇನ್ನೊಂದು ಇಂಜೆಕ್ಷನ್. ಒಂದಕ್ಕೇ ತುರಿಕೆ ಕಮ್ಮಿಯಾಯಿತು ಅಂತ ನಿಲ್ಲಿಸುವವರೇ ಜಾಸ್ತಿ, ಮತ್ತೆ ಬರುವುದೂ ಅಲ್ಲಿಂದಲೇ. ಹಾಲು ಕರೆಯುವ ತಾಯಿ ಎಮ್ಮೆಗೆ ಈ ಇಂಜೆಕ್ಷನ್ ಹಾಕಲಿಲ್ಲ, ಹಾಲಿಗೆ ಇಳಿಯುತ್ತದೆ. ಅದಕ್ಕೆ ಅಮಿಟ್ರಾಜ್ ಅನ್ನೋ, ಮೈಮೇಲೆ ಹಾಕುವ ಹುಳದ ಔಷಧಿಯನ್ನು ಡಾಕ್ಟರ್ ಹೇಳಿದ ಅಳತೆಗೆ ನೀರಿಗೆ ಬೆರೆಸಿ ಮೈ ತೊಳೆದೆವು. ಉಳಿದ ಅಮಿಟ್ರಾಜನ್ನು ಪರಿಚಯದವರೊಬ್ಬರು ತಮ್ಮ ಕುದುರೆಗೆ ಕೇಳಿದರು. ಕೊಡಲಿಲ್ಲ. ಕುದುರೆಗೆ ಅದು ಬೀಳಲೇಬಾರದು, ಕರುಳಿನ ಚಲನೆ ನಿಂತು ಪ್ರಾಣಕ್ಕೇ ಬರುತ್ತದೆ.

ಕಜ್ಜಿ ಕಾಣದ ಎರಡು ಹಸುಗಳಿಗೂ ಅದೇ ದಿನ ಔಷಧಿ ಆಯಿತು. ನೆಲಕ್ಕೆ ಹಾಸಿದ್ದ ಸೊಪ್ಪೆಲ್ಲ ಬಾಚಿ ತೆಗೆದೆ. ಕಂಬ, ಗೊಂತು ಕುದಿಯುವ ನೀರಿನಲ್ಲಿ ಉಜ್ಜಿದೆ. ಹಳೇ ಹಗ್ಗ ಸುಟ್ಟೆ. ಮೈಯಿಂದ ಉದುರಿದ ಹುಳ ತಂಪು, ತೇವ ಇದ್ದರೆ ಕೆಲವು ದಿನ ಬದುಕುತ್ತದೆ, ನಮ್ಮ ಮಳೆಗಾಲದ ಕೊಟ್ಟಿಗೆ ಅಂದರೆ ಅದೇ ಅಲ್ವಾ?

ಭಾದ್ರಪದದ ಹೊತ್ತಿಗೆ ಕರುವಿನ ಕುತ್ತಿಗೆಯಲ್ಲಿ ಕೂದಲು ಚಿಗುರಿತು. ಮೊನ್ನೆ ಸಂತೆಯಿಂದ ತಂದ ಎಮ್ಮೆಯನ್ನು ಹಿತ್ತಲ ಹಲಸಿನ ಮರದಡಿ ಬೇರೆ ಕಟ್ಟಿದ್ದೇನೆ, ಮೂರು ವಾರ ಅಲ್ಲೇ.